ಬನಿಯನ್ನಿನ ಒಳಗಿನ ಅಂಟು

ಗಂಡನ ಬನಿಯನ್ ತಿರುವಿ ಒಗೆಯಲು ಹಾಕುತ್ತಿದ್ದವಳ ಕೈ ತಟ್ಟನೆ ನಿಂತಿತು. ಒಳಬದಿಯಲ್ಲಿ ಅಲ್ಲಲ್ಲಿ ಅಂಟು, ನಾಣ್ಯದಗಲದ ದುಂಡು ಗುರುತುಗಳು. ಉಗುರಿನಿಂದ ಕೆರೆದಳು. ಹೋಗಲಿಲ್ಲ, ಅವಳ ಅನುಮಾನದ ಹಾಗೆಯೇ.

ಎಸಿ ರಿಪೇರಿ ಮಾಡುವ ಗಂಡ, ಕಂಪನಿ ಟ್ರೈನಿಂಗ್ ಎಂದು ಹೋಗಿ ಬಂದಾಗಿನಿಂದ ಮೊದಲಿನವನಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸುತ್ತಾನೆ. ದಿನಾ ಬೆಳಿಗ್ಗೆ ಅವನ ಹೆಗಲೇರಿ ಸ್ಕೂಲ್ ವ್ಯಾನಿನವರೆಗೆ ಹೋಗುತ್ತಿದ್ದ ಮಗಳು ಪುಟ್ಟಿ ಈಗ ತೋಳು ಚಾಚಿದರೆ, "ನಡ್ಕೊಂಡು ಬಾ ಕಂದಾ" ಎನ್ನುತ್ತಾನೆ. ಮಗು ಏನೂ ಕೇಳದೆ ತೋಳಿಳಿಸುತ್ತದೆ.

ಬನಿಯನ್ ಹಿಡಿದು ಕೋಣೆಗೆ ನುಗ್ಗಿದಳು. ಅವನು ಕನ್ನಡಿಯ ಮುಂದೆ ಶರ್ಟಿನ ಗುಂಡಿ ಹಾಕುತ್ತಿದ್ದ.

"ಏನ್ರೀ ಇದು?"

"ಅಂಟು."

"ಅದು ನಂಗೂ ಕಾಣ್ಸುತ್ತೆ. ಯಾರು ಅಂಟ್ಸಿದ್ದು ಅಂತ ಕೇಳಿದ್ದು."

ಅವನು ಕನ್ನಡಿಯೊಳಗಿಂದಲೇ ಅವಳನ್ನು ನೋಡಿ ನಕ್ಕ. ಆ ಕಳ್ಳನಗೆ ಅವಳಿಗೆ ಹಳೆಯದು. ಮದುವೆಗೆ ಮುಂಚೆ, ಕೆಡದೇ ಇದ್ದ ಇವಳ ತವರಿನ ಎಸಿಯನ್ನು ಮತ್ತೆ ಮತ್ತೆ ಬಂದು ರಿಪೇರಿ ಮಾಡಿದವನ ನಗೆ. ಇವತ್ತು ಕರಗಬಾರದು ಎಂದುಕೊಂಡು ಹುಬ್ಬು ಗಂಟಿಕ್ಕಿದಳು.

"ನರ್ಸು ಕಣೇ. ಇಸಿಜಿ ತೆಗೆಯೋಕೆ ಎದೆಗೆ ಬಿಲ್ಲೆ ಅಂಟ್ಸಿದ್ರು." ಅವನ ನಗೆ ಇಳಿಯಿತು. "ಟ್ರೈನಿಂಗ್ ಅಂದಿದ್ದು ಸುಳ್ಳು. ಎದೆ ಆಗಾಗ ತಾಳ ತಪ್ಪಿ ಡವಡವ ಹೊಡ್ಕೋತಿತ್ತು. ಒಳಗೆ ಒಂದು ವೈರಿಂಗ್ ಹೆಚ್ಚಿಗೆ ಇತ್ತಂತೆ. ತೊಡೆ ಸಂದಿಯಿಂದ ತೆಳ್ಳನೆ ಟ್ಯೂಬ್ ತೂರಿಸಿ, ಎದೆವರೆಗೂ ಹೋಗಿ, ಅಷ್ಟನ್ನೇ ಸುಟ್ಟು ಬಂದ್ರು. ಒಂದು ವಾರ ಭಾರ ಎತ್ತಬಾರ್ದಂತೆ. ನಮ್ಮಣ್ಣ ಜೊತೇಲಿದ್ದ. ನೀನೋ, ಸೂಜಿ ಕಂಡ್ರೇನೇ ಮೂರ್ಛೆ ಹೋಗೋಳು..."

ಬನಿಯನ್ನಿನಿಂದ ಬಡಿಯಲು ಕೈಯೆತ್ತಿದಳು. ಅವನ ಎದೆ ತಾಗುವ ಮೊದಲೇ ಕೈ ತಡೆದಳು. ಅಲ್ಲೇ ಅಂಗೈ ಇಟ್ಟಳು. ಒಳಗೆ ಸಮನಾಗಿ ಬಡಿಯುತ್ತಿತ್ತು.

"ನಾನು ಹೆದರ್ಕೋಬಾರ್ದು ಅಂತ ಮುಚ್ಚಿಟ್ರಾ? ನಾನು ನಿಮಗೆ ಬೇಡವಾದ್ನೇನೋ ಅಂತ ದಿನಾ ಹೆದರಿ ಸತ್ತಿದೀನಿ."

"ಹುಚ್ಚಿ!" ಅವಳ ಕೆನ್ನೆ ಒರೆಸುತ್ತ ಅವನು ನಕ್ಕುಬಿಟ್ಟ. "ಹಾಗೆ ಯಾರಾದ್ರೂ ಅಂದ್ಕೋತಾರಾ?"

ಬೀದಿಯ ಕೊನೆಯಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಪುಟ್ಟಿ ಬಾಗಿಲಲ್ಲಿ ನಿಂತಿದ್ದಳು, ಒಂದೇ ಕಾಲಿಗೆ ಶೂ ಹಾಕಿಕೊಂಡು. ಈ ಸಲ ತೋಳು ಚಾಚಲಿಲ್ಲ.

"ಅಪ್ಪಾ, ನಾನು ನಿಂಗೆ ಬೇಡ್ವಾ?"