ಕಸಬರಿಗೆ ಮೂರು

ಹೆಂಡತಿಯ ತಮ್ಮನಿಗೆ ಮುಖ್ಯಸ್ಥನ ಹುದ್ದೆ ಸಿಗಲಿದೆ ಎಂಬ ಸುದ್ದಿ ಅವನ ಕಿವಿಗೆ ಬಿದ್ದದ್ದು ಆಫೀಸಿನಲ್ಲಲ್ಲ, ಮನೆಯಲ್ಲಿ, ಊಟದ ತಟ್ಟೆಯ ಮುಂದೆ.

“ರೀ, ಆ ದೊಡ್ಡ ಜಾಗ ನಮ್ಮ ತಮ್ಮಂಗೇ ಅಂತೆ. ಸೋಮವಾರ ಮೇಲಿನವರ ಮುಂದೆ ಅದೇನೋ ತೋರಿಸ್ಬೇಕಂತೆ, ಅದೊಂದು ಚೆನ್ನಾಗಾದ್ರೆ ಮುಗೀತಂತೆ. ನೀವು ಒಂದು ಮಾತೂ ಹೇಳ್ಲಿಲ್ವಲ್ಲ!”

“ಹೇಳೋಣ ಅಂತಿದ್ದೆ,” ಎಂದ.

ಹೇಳುವುದೇನು ಮಣ್ಣು! ಅವನಿಗೇ ಗೊತ್ತಿರಲಿಲ್ಲ. ಒಂಬತ್ತು ವರ್ಷ ಆ ಸರ್ವರ್ ಕೋಣೆಯ ತಣ್ಣನೆ ಗಾಳಿಯಲ್ಲಿ ಕೂತು ಸೊಂಟ ಹಿಡಿಸಿಕೊಂಡವನು ಅವನು. ಈ ಬಾಮೈದನನ್ನು ಕರೆತಂದು, ನಮ್ಮವನೇ, ಒಂದು ಕೆಲಸ ಕೊಡಿ ಎಂದು ಸಂಸ್ಥೆ ನಡೆಸುವ ಮೇಡಂ ಮುಂದೆ ಹಲ್ಲುಗಿಂಜಿದವನು ಅವನು. ಮೊದಲ ಕಮಾಂಡ್ ಹೊಡೆಯಲು ಕಲಿಸಿದವನೂ ಅವನೇ. ಹೋಗಲಿ, ಬಾಮೈದ ಸ್ವಲ್ಪ ಜಂಬ ಕೊಚ್ಚಿಕೊಂಡಿದ್ದರೆ ಬೈದುಕೊಂಡಾದರೂ ಸಮಾಧಾನಪಡಬಹುದಿತ್ತು. ಅವನೋ, ಮಾತಿಗೆ ಮುಂಚೆ ‘ಭಾವ’, ಮಾತು ಮುಗಿದ ಮೇಲೂ ‘ಭಾವ’. ಆ ವಿನಯ ಕಂಡರೇ ಇವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಹುದ್ದೆ ಕೈತಪ್ಪಿದರೆ ನಿವೃತ್ತಿಯವರೆಗೂ ಹೆಂಡತಿಯ ತಮ್ಮನ ಮುಂದೆ ರಜಾ ಅರ್ಜಿ ಹಿಡಿದು ನಿಲ್ಲಬೇಕು. ಸಾಧ್ಯವೇ ಇಲ್ಲ.

ಮೂರು ದಿನ ಸುಮ್ಮನೆ ಉರಿದ. ನಾಲ್ಕನೇ ದಿನ ಯೋಚಿಸತೊಡಗಿದ.

ಅವರ ಸಂಸ್ಥೆ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರಿಗೆ ಬಾಡಿಗೆಗೆ ಕೊಡುತ್ತಿತ್ತು. ಹಲ್ಲಿನ ಡಾಕ್ಟರಿಗೊಂದು ಪಾಲು, ಹೊಲಿಗೆ ಶಾಲೆಗೊಂದು, ಬಸ್ ಟಿಕೆಟ್ ಮಾರುವವರಿಗೊಂದು. ಒಂದೊಂದು ಪಾಲಿಗೂ ಕಂಟೇನರ್ ಎಂದು ಹೆಸರು. ವಠಾರದ ಮನೆಗಳಿದ್ದ ಹಾಗೆ: ಬಾಗಿಲು ಬೇರೆ ಬೇರೆ, ಅಡಿಪಾಯ ಒಂದೇ. ಒಳಗಿರುವವನಿಗೆ ತಾನೇ ಇಡೀ ಯಂತ್ರದ ಯಜಮಾನನೆಂಬ ಭ್ರಮೆ; ಅಲ್ಲಿ ಅವನ ಹೆಸರು ರೂಟ್. ಹೊರಗಿನ ಯಂತ್ರಕ್ಕೆ ಮಾತ್ರ ಆ ಯಜಮಾನ ಬರೀ ಒಂದು ನಂಬರು. ಒಂಬತ್ತು ವರ್ಷದ ಹಿಂದೆ ಇದನ್ನೆಲ್ಲ ಜೋಡಿಸಿದಾಗ ಇವನು ಎಲ್ಲ ಕಂಟೇನರ್‌ಗಳಿಗೂ ಒಂದೇ ನಂಬರು ಕೊಟ್ಟಿದ್ದ: ಒಂದು ಲಕ್ಷ. ಬೇರೆ ಬೇರೆ ಕೊಟ್ಟರೆ ಹೆಚ್ಚು ಭದ್ರ ಎಂದು ಗೊತ್ತಿದ್ದರೂ, ನಡೀತದೆ ಬಿಡು ಎಂದು ಕೈತೊಳೆದುಕೊಂಡಿದ್ದ. ಅಂದಿನ ಸೋಮಾರಿತನ ಹೀಗೆ ಉಪಯೋಗಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಯಾವ ಕಂಟೇನರಿನಿಂದ ಫೈಲು ಬರೆದರೂ ಹೊರಗೆ ಕಾಣುವ ಒಡೆಯನ ನಂಬರು ಅದೊಂದೇ. ಬರೆದವರು ಯಾರೆಂದು ಬ್ರಹ್ಮ ಬಂದರೂ ಹೇಳಲಾಗದು.

ಬಾಮೈದ ಕಟ್ಟಿದ್ದು ಊರಿನ ಎಲ್ಲ ಗ್ರಂಥಾಲಯಗಳ ಪುಸ್ತಕಗಳನ್ನು ಒಂದೇ ಕಡೆ ಹುಡುಕುವ ವ್ಯವಸ್ಥೆ. ಸೋಮವಾರ ಹನ್ನೊಂದು ಗಂಟೆಗೆ ಆಡಳಿತ ಮಂಡಳಿಯವರಿಗೆ ಅದನ್ನೇ ತೋರಿಸುವುದಿತ್ತು. ಅದರಲ್ಲಿ ಇವನೊಂದು ಬಿರುಕು ಕಂಡುಹಿಡಿದಿದ್ದ. ಎಲ್ಲ ಕಂಟೇನರ್‌ಗಳೂ ಬಳಸುವ, ಯಾರು ಬೇಕಾದರೂ ಬರೆಯಬಹುದಾದ ಒಂದು ಫೋಲ್ಡರ್ ಇತ್ತು. ಬಾಮೈದನ ಕಂಟೇನರ್ ಪ್ರತಿ ಗಂಟೆ ಹೊಡೆಯುತ್ತಲೇ ಅದರೊಳಗೆ ಇಣುಕಿ, ಕಸ ತೆಗೆಯುವ ಆದೇಶದ ಫೈಲು ಯಾವುದಿದ್ದರೂ ಹಿಂದೆಮುಂದೆ ನೋಡದೆ ಪಾಲಿಸುತ್ತಿತ್ತು. ಆ ಫೈಲುಗಳಿಗೆ ಬಾಮೈದ ಇಟ್ಟ ಹೆಸರೂ ಹಾಗೇ: ಕಸಬರಿಗೆ ಒಂದು, ಕಸಬರಿಗೆ ಎರಡು.

ಇವನು ಬರೆದದ್ದು ಕಸಬರಿಗೆ ಮೂರು.

ಎಂಥ ಅಚ್ಚುಕಟ್ಟಾದ ಫೈಲು ಅದು! ಬಾಮೈದನ ಫೈಲಿನಂಥದೇ ಸಾಲುಗಳು, ಅದೇ ಟಿಪ್ಪಣಿಗಳು. ಒಂದೇ ಒಂದು ಕಡೆ, ಪುಸ್ತಕಪಟ್ಟಿಯ ಹೆಸರಿನ ಮಗ್ಗುಲಲ್ಲಿ, ಒಂದು ಖಾಲಿ ಜಾಗ ಹೆಚ್ಚು. ಅಷ್ಟಕ್ಕೇ ‘ಪಟ್ಟಿಯ ಹಳೆಯ ಪ್ರತಿಗಳನ್ನು ಅಳಿಸು’ ಎಂಬ ಆದೇಶ ‘ಇಡೀ ಪಟ್ಟಿಯನ್ನು ಅಳಿಸು’ ಎಂದಾಗುತ್ತದೆ. ಅವಸರದ ಕೈ ಮಾಡುವ ತಪ್ಪು. ಕೆಲಸ ಮುಗಿದ ಮೇಲೆ ಫೈಲು ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಮಾಡುವುದು ಇವನಿಗೆ ಚಿಟಿಕೆ ಹೊಡೆದಷ್ಟು ಸುಲಭ. ಬೇಕೆಂದೇ ಮಾಡಲಿಲ್ಲ. ಫೈಲು ಅಲ್ಲೇ ಇರಬೇಕು, ಎಲ್ಲರ ಕಣ್ಣಿಗೂ ಬೀಳಬೇಕು. ತನ್ನ ಮನೆಯ ಕಸ ಗುಡಿಸಲು ಬಾರದವನಿಗೆ ಮುಖ್ಯಸ್ಥನ ಕುರ್ಚಿ ಬೇರೆ ಕೇಡು ಎಂದು ಅವರವರೇ ಅಂದುಕೊಳ್ಳಬೇಕು. ಇವನೇನು ಕಟುಕನಲ್ಲ. ಪಟ್ಟಿಯ ನಕಲು ಭದ್ರವಾಗಿದೆಯೆಂದು ಮೊದಲೇ ಖಚಿತಪಡಿಸಿಕೊಂಡಿದ್ದ. ಸಂಜೆಯೊಳಗೆ ಎಲ್ಲ ಸರಿಹೋಗುತ್ತಿತ್ತು. ಬಾಮೈದನ ಮಾನವೊಂದನ್ನು ಬಿಟ್ಟು.

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ತನ್ನ ಮೇಜಿನಲ್ಲಿ, ಎಲ್ಲರ ನಡುವೆಯೇ, ಕಾಫಿ ಕುಡಿಯುತ್ತ ಕೆಲಸ ಮುಗಿಸಿದ. ಹೊರಗಿನ ಯಂತ್ರಕ್ಕೆ ಕಾಲಿಟ್ಟರೆ ದಾಖಲೆಯಾಗುತ್ತದೆ. ಆದ್ದರಿಂದ ಅತ್ತ ಸುಳಿಯಲೇ ಇಲ್ಲ. ತಾನು ಪ್ರಯೋಗಕ್ಕೆಂದು ಇಟ್ಟುಕೊಂಡಿದ್ದ ಕಂಟೇನರಿನಿಂದಲೇ ಫೈಲನ್ನು ಫೋಲ್ಡರಿಗೆ ಜಾರಿಸಿ, ಹೊಡೆದ ಕಮಾಂಡ್‌ಗಳ ಗುರುತನ್ನು ಒರೆಸಿದ. ಒಡೆಯನ ಹೆಸರು ರೂಟ್ ಎಂದೇ ಕಾಣುತ್ತಿತ್ತು. ಯಾವ ರೂಟ್ ಅಂತ ಹುಡುಕ್ತಾರೋ ಹುಡುಕಲಿ ಎಂದು ಒಳಗೊಳಗೇ ನಕ್ಕ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬಾಮೈದ ಓಡಿ ಬಂದ. “ಭಾವ, ನೀವೂ ಬನ್ನಿ. ನೀವು ಪಕ್ಕದಲ್ಲಿದ್ರೆ ನಂಗೆ ಧೈರ್ಯ.”

“ಬರ್ದೇ ಇರ್ತೀನಾ? ನಡಿ, ನಡಿ,” ಎಂದು ಬೆನ್ನು ತಟ್ಟಿದ. ಆ ಬೆನ್ನು ಬೆವರಿತ್ತು. ಇವನಿಗೆ ಒಂದು ಕ್ಷಣ ಅಯ್ಯೋ ಅನ್ನಿಸಿತು, ಒಂದೇ ಕ್ಷಣ.

ಸಭೆಯ ಕೋಣೆಯಲ್ಲಿ ಮೇಡಂ, ಮಂಡಳಿಯ ಇಬ್ಬರು ಹಿರಿಯರು, ಗೋಡೆಯ ಮೇಲೆ ದೊಡ್ಡ ಪರದೆ. ಹನ್ನೊಂದು ದಾಟಿ ಎರಡು ನಿಮಿಷವಾಗಿತ್ತು. ಹಿರಿಯರೊಬ್ಬರು ತಮಗೆ ಬೇಕಾದ ಪುಸ್ತಕದ ಹೆಸರು ಹೇಳಿದರು. ಬಾಮೈದ ಹುಡುಕಿದ. ಯಾವ ಪುಸ್ತಕವೂ ಇಲ್ಲ ಎಂದಿತು ಪರದೆ. ಇನ್ನೊಂದು ಹುಡುಕಿದ. ಅದೂ ಇಲ್ಲ. ಊರಿನ ಗ್ರಂಥಾಲಯಗಳಲ್ಲಿ ಒಂದೇ ಒಂದು ಪುಸ್ತಕವಿರಲಿಲ್ಲ.

“ಏನ್ರೀ ಇದು?” ಎಂದರು ಮೇಡಂ.

ಬಾಮೈದನ ಮುಖ ಸುಣ್ಣದ ಹಾಗಾಯಿತು. ಹೊರಗಿನ ಯಂತ್ರವನ್ನು ತೆರೆದು ಹುಡುಕಾಡಿ, ಕಡೆಗೆ ಕಸಬರಿಗೆ ಮೂರನ್ನು ಪರದೆಗೆ ತಂದ. “ಇದು... ಇದು ನಾನು ಬರೆದಿದ್ದಲ್ಲ.”

ಇವನು ಕನ್ನಡಕ ಸರಿಮಾಡಿಕೊಂಡು ಮೆಲ್ಲಗೆ ಎದ್ದು ನಿಂತ. ಈ ಮಾತನ್ನು ಬಚ್ಚಲಲ್ಲಿ ಎರಡು ದಿನ ಅಭ್ಯಾಸ ಮಾಡಿದ್ದ. “ನೋಡು, ಇಲ್ಲೊಂದು ಸ್ಪೇಸ್ ಜಾಸ್ತಿ ಬಿದ್ದಿದೆ. ಅವಸರದಲ್ಲಿ ಯಾರಿಗಾದ್ರೂ ಆಗತ್ತೆ ಮಾರಾಯ. ಒಪ್ಕೊಂಡ್ಬಿಡು, ಮೇಡಂ ಏನೂ ಅನ್ನಲ್ಲ.”

“ಆಣೆ ಮಾಡ್ತೀನಿ ಭಾವ, ನಾನಲ್ಲ!”

“ಹಾಗಾದ್ರೆ ಯಾರು ಬರೆದದ್ದು ಅಂತ ನೋಡಿ,” ಎಂದರು ಮೇಡಂ. ಬಾಮೈದ ಕಮಾಂಡ್ ಹೊಡೆದ. ಒಡೆಯನ ನಂಬರು ಗೋಡೆಯಗಲ ಮೂಡಿತು: ಒಂದು ಲಕ್ಷ. ಇವನ ಎದೆ ಹಗುರಾಯಿತು. “ಅದರಿಂದ ಏನೂ ಗೊತ್ತಾಗಲ್ಲ ಮೇಡಂ,” ಎಂದ, ಪಾಠ ಹೇಳುವವನ ಧಾಟಿಯಲ್ಲಿ. “ಅದು ಎಲ್ಲಾ ಕಂಟೇನರ್‌ಗೂ ಒಂದೇ ನಂಬರು. ನಾನೇ ಕೊಟ್ಟಿದ್ದು.” ಬಾಮೈದ ಪರದೆಯನ್ನು ನೋಡಿದ, ಭಾವನನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ. ಕಣ್ಣು ತುಂಬಿ ಬಂತು. “ಎಲ್ಲರದೂ ಅಲ್ಲ ಮೇಡಂ,” ಎಂದ ತಗ್ಗಿದ ದನಿಯಲ್ಲಿ. “ಹೋದ ತಿಂಗಳು ಭದ್ರತೆಗೆ ಅಂತ ಎಲ್ಲಾ ಕಂಟೇನರ್‌ಗೂ ಬೇರೆ ಬೇರೆ ನಂಬರು ಹಾಕಿದೆ. ನಂದು ಏಳು ಲಕ್ಷ. ಒಂದನ್ನ ಮಾತ್ರ ಮುಟ್ಟಲಿಲ್ಲ. ಮೊದಲ್ನೇ ನಂಬರು ನಂಗೆ ಕಲಿಸಿದವರ ಹತ್ರಾನೇ ಇರ್ಲಿ ಅಂತ, ಭಾವಂಗೇ ಬಿಟ್ಟಿದ್ದೆ.”