ತಟ್ಟದೆ ಬಿಟ್ಟ ಗಾಜು

"ನಿಮ್ಮ ಕನ್ನಡಕ್ಕೆ ತೆಲುಗಿನ ಒಗ್ಗರಣೆ ಜಾಸ್ತಿ ಆಯ್ತು, ಇಂದುಧರ್."

"ವೈಜಾಗ್ ನೇವಿ ಕ್ವಾರ್ಟರ್ಸಲ್ಲಿ ಬೆಳೆದೋನು ಸಿಸ್ಟರ್ ನಾನು. ಒಗ್ಗರಣೆ ಇಲ್ಲದ ಸಾರು ನಿಮಗೆ ಸೇರುತ್ತಾ?"

ಅದು ೧೯೯೧ರ ವಿಜಯವಾಡ. ಬ್ಯಾಂಕಿನಲ್ಲಿದ್ದ ನನ್ನ ಅಪ್ಪನಿಗೆ ಅಲ್ಲಿಗೆ ವರ್ಗವಾಗಿತ್ತು. ನಾನು ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ನರ್ಸ್, ಇಂದುಧರ ಆಂಬುಲೆನ್ಸ್ ಡ್ರೈವರ್. ಗಾಡಿಯ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ. ನಾನು ತಲೆ ಎತ್ತಿದರೆ ಕನ್ನಡಿ ಸರಿಮಾಡುವವನಂತೆ ನಟಿಸುತ್ತಿದ್ದ. ಸರಿಯಾಗೇ ಇದ್ದ ಕನ್ನಡಿಯನ್ನು ದಿನಕ್ಕೆ ಹತ್ತು ಸಲ ಸರಿಮಾಡುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವನು ಮುಂದೆ, ನಾನು ಹಿಂದೆ ರೋಗಿಯ ಪಕ್ಕ, ನಮ್ಮ ನಡುವೆ ಒಂದು ಗಾಜು. ಸೈರನ್ ಸದ್ದಿನಲ್ಲಿ ಮಾತು ಕೇಳದು. ಒಂದು ಸಲ ತಟ್ಟಿದರೆ ಬೇಗ ಹೋಗಬೇಕು. ಎರಡು ಸಲ ತಟ್ಟಿದರೆ ರೋಗಿ ಹೋಗಿಬಿಟ್ಟರು, ಸೈರನ್ ನಿಲ್ಲಿಸಿ ನಿಧಾನ ಓಡಿಸಬೇಕು.

ಒಂದು ಮಧ್ಯಾಹ್ನ ಕೊಂಡಪಲ್ಲಿಯಿಂದ ಎದೆನೋವಿನವರೊಬ್ಬರನ್ನು ತರುತ್ತಿದ್ದೆವು. ದಾರಿಯಲ್ಲೇ ಉಸಿರು ನಿಂತಿತು. ಎದೆ ಒತ್ತಿದೆ, ಒತ್ತಿದೆ, ಫಲವಿಲ್ಲ. ಹೆಂಡತಿ ಮಾತ್ರ ಗಂಡನ ಅಂಗಾಲು ಉಜ್ಜುತ್ತಾ, "ಇನ್ನೇನು, ಬಂದೇಬಿಟ್ವಿ" ಎನ್ನುತ್ತಲೇ ಇದ್ದಳು. ಸೈರನ್ ನಿಂತರೆ ಅವಳಿಗೆ ತಿಳಿದುಹೋಗುತ್ತಿತ್ತು. ಗಾಜು ತಟ್ಟಲು ನನಗೆ ಕೈಯೇ ಬರಲಿಲ್ಲ.

ಬೆಂಜ್ ಸರ್ಕಲ್‌ನಲ್ಲಿ ನಮ್ಮ ಗಾಡಿ ಸ್ಕೂಟರಿಗೆ ತಾಗಿ ಸವಾರನ ಕೈ ಮುರಿಯಿತು.

ಪ್ರಾಣ ಹೋದ ಸಮಯವನ್ನು ನಾನು ಹನ್ನೆರಡು ಹತ್ತು ಎಂದು ಬರೆದಿದ್ದೆ. ಅಪಘಾತ ಆದದ್ದು ಹನ್ನೆರಡೂವರೆಗೆ. "ಹೆಣಕ್ಕೆ ಏನಯ್ಯಾ ಅಷ್ಟು ಅವಸರ?" ಎಂದು ಸೂಪರಿಂಟೆಂಡೆಂಟ್ ಡಾಕ್ಟರ್ ಸೂರ್ಯಪ್ರಕಾಶ ಇಂದುಧರನನ್ನು ಕೇಳಿದರಂತೆ. "ಸಿಸ್ಟರ್ ಎರಡು ಸಲ ತಟ್ಟಿದ್ರು, ನನಗೇ ಕೇಳಿಸಲಿಲ್ಲ" ಎಂದು ಇವನು ಬರೆದುಕೊಟ್ಟನಂತೆ. ಸೋಮವಾರದಿಂದ ಅವನಿಗೆ ಕೆಲಸವಿಲ್ಲ.

ಶೆಡ್ಡಿಗೆ ಓಡಿದೆ. ಗಾಡಿ ತೊಳೆಯುತ್ತಿದ್ದ.

"ಯಾಕೆ ಸುಳ್ಳು ಹೇಳಿದ್ರಿ?"

"ಕನ್ನಡಿಯಲ್ಲಿ ನೋಡ್ದೆ, ನೀವು ಅಳ್ತಾ ಇದ್ರಿ. ಆಗಲೇ ನನಗೂ ಗೊತ್ತಾಯ್ತು. ಆದ್ರೂ ಸೈರನ್ ನಿಲ್ಲಿಸೋಕೆ ಮನಸ್ಸಾಗಲಿಲ್ಲ. ನಿಮ್ಮ ಹೆಸರು ಯಾಕೆ ಕೆಡಬೇಕು? ನಾನು ಎಲ್ಲಾದರೂ ಲಾರಿ ಓಡಿಸ್ಕೋತೀನಿ."

"ಮಹಾ ತ್ಯಾಗಿ ಬಂದ್ರು ನೋಡಿ" ಎಂದು ಬೈದೆ. ಬೈಯುವಾಗಲೇ ಗೊತ್ತಾಯಿತು, ಈ ಮನುಷ್ಯನನ್ನು ಬಿಟ್ಟು ನನಗೆ ಬದುಕಿಲ್ಲ ಅಂತ.

ನೇರ ಡಾಕ್ಟರ ಕೋಣೆಗೆ ಹೋದೆ. "ಸರ್, ನಾನು ತಟ್ಟಲೇ ಇಲ್ಲ. ತಪ್ಪು ನನ್ನದು. ಆದರೆ ಒಂದು ಮಾತು. ಕಣ್ಣೆದುರು ಜೀವ ಹೋಗುತ್ತೆ. ಅದೇ ಗಾಡಿ ತೊಳೆದು ಮುಂದಿನ ಕಾಲ್‌ಗೆ ಹತ್ತುತ್ತೀವಿ. ಹೇಗಿದ್ದೀರಿ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ಮೆಮೊ ಮಾತ್ರ ತಪ್ಪದೆ ಬರುತ್ತೆ."

ಅವರು ಇಂದುಧರ ಬರೆದುಕೊಟ್ಟಿದ್ದ ಕಾಗದವನ್ನು ಹರಿದುಹಾಕಿದರು. ಅವನ ಕೆಲಸ ಉಳಿಯಿತು. ದಾರಿಯಲ್ಲಿ ಸಾವಾದರೆ ಗಾಡಿಯವರಿಗೆ ಒಂದು ಗಂಟೆ ಬಿಡುವು, ಹಿರಿಯ ಡಾಕ್ಟರೊಬ್ಬರು ಜೊತೆ ಕೂತು ಮಾತಾಡಬೇಕು ಎಂಬ ಹೊಸ ನಿಯಮವೂ ಬಂತು. ನನ್ನನ್ನು ಮಾತ್ರ ವಿಶಾಖಪಟ್ಟಣಕ್ಕೆ, ಅಂದರೆ ಇಂದುಧರನ ವೈಜಾಗಿಗೆ, ದ್ವಾರಕಾ ನಗರದಲ್ಲಿದ್ದ ನಮ್ಮ ಆಸ್ಪತ್ರೆಯದೇ ಕ್ಲಿನಿಕ್ಕಿಗೆ ಎತ್ತಿಹಾಕಿದರು.

ನಾನು ಹೊರಟ ದಿನ ಇಂದುಧರ ಸ್ಟೇಷನ್ನಿಗೆ ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದ. ಕಿಟಕಿಯಲ್ಲಿ ಒಂದು ಚೀಟಿ ಕೊಟ್ಟ.

"ನಮ್ಮನೆ ವಿಳಾಸ. ಕ್ಲಿನಿಕ್ಕಿಂದ ಹತ್ತೇ ನಿಮಿಷ. ಊಟಕ್ಕೆ ಅಲ್ಲಿಗೇ ಹೋಗಿ, ಅಮ್ಮ ಇರ್ತಾರೆ."

"ಯಾರು ಅಂತ ಕೇಳಿದ್ರೆ ಏನು ಹೇಳಲಿ?"

ರೈಲು ಹೊರಟಿತು. ಅವನು ಜೊತೆಯಲ್ಲೇ ನಡೆದ.

"ಸೊಸೆ ಅಂತ ಹೇಳಿ. ಮಿಕ್ಕಿದ್ದು ಅಮ್ಮ ನೋಡ್ಕೋತಾರೆ."

ನಾನು ಹೋಗಿ ಹಾಗೆಯೇ ಹೇಳಿದೆ.