ಕಣ್ಣೊಳಗಿನ ಎರಡು ಚುಕ್ಕೆ

ಶನಿವಾರ ಬೆಳಗ್ಗೆ ಮುನಿವೆಂಕಟಮ್ಮ ನಮ್ಮ ಔಷಧಾಲಯದ ಮೆಟ್ಟಿಲು ಹತ್ತಿ ಬಂದಾಗ ಅವಳ ಸೆರಗಿನಲ್ಲಿದ್ದ ಮಗುವಿಗೆ ಅಳುವ ತ್ರಾಣವೂ ಇರಲಿಲ್ಲ.

“ನರ್ಸಮ್ಮ, ನನ್ ಮಗಳ್ನ ನೆನ್ನೆಯಿಂದ ಸ್ಟೇಷನ್ನಾಗೆ ಕೂಡಾಕವ್ರೆ. ಮಗೀಗೆ ಮೇಕೆ ಹಾಲು ಕುಡಿಸಿದ್ರೆ ಕಕ್ಕತೈತೆ. ಅವಳು ಸಾಯಿಸೋಳಲ್ಲ. ನೀವೊಂದು ಮಾತು ಹೇಳಿ.”

ಅದು ೧೯೪೯ನೇ ಇಸವಿ. ಬೆಂಗಳೂರಿನ ಹತ್ತಿರದ ವಿಜಯಪುರದ ಸರ್ಕಾರಿ ಔಷಧಾಲಯದಲ್ಲಿ ನಾನು, ಆವಲಪ್ಪ, ಕಾಂಪೌಂಡರ್. ಹಮೀದಮ್ಮನವರು ಹೆರಿಗೆ ನರ್ಸು. ಊರಿನ ಮುಕ್ಕಾಲು ಪಾಲು ಮಕ್ಕಳು ಅವರ ಕೈಯಲ್ಲೇ ಭೂಮಿಗೆ ಬಿದ್ದಿದ್ದವು. ಯಾವ ಮನೆಯ ಬಾಗಿಲೂ ಅವರಿಗೆ ಮುಚ್ಚಿರಲಿಲ್ಲ. ಹಾಗಾಗಿ ಪೊಲೀಸರಿಗೆ ತಿಳಿಯದ ಎಷ್ಟೋ ಸಂಗತಿಗಳು ಅವರಿಗೆ ತಿಳಿಯುತ್ತಿದ್ದವು. ಅವರು ಬಿಡಿಸಿದ ಗೋಜಲುಗಳನ್ನು ಪಕ್ಕದಲ್ಲಿದ್ದು ಕಂಡವನು ನಾನು. ಆದರೆ ಈ ಒಂದನ್ನು ಅವರು ಬಿಡಿಸದೇ ಇದ್ದಿದ್ದರೆ ಎಂದು ನನಗೆ ಇಂದಿಗೂ ಒಮ್ಮೊಮ್ಮೆ ಅನ್ನಿಸುತ್ತದೆ.

ಸತ್ತವನು ಸೊಣ್ಣಪ್ಪ. ಕೆರೆಯ ಆಚೆ ಅವನದೊಂದು ರೇಷ್ಮೆ ಹುರಿ ಮಾಡುವ ಕಾರ್ಖಾನೆ, ಜೊತೆಗೆ ಗೂಡಿನ ವ್ಯಾಪಾರ. ಕೆಲಸದ ಹೆಂಗಸರು ನಡುವೆ ಎದ್ದು ಹೋಗಬಾರದೆಂದು ಶೆಡ್ಡಿನ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುವುದು ಅವನ ಪದ್ಧತಿ. ಪ್ರತಿದಿನ ಹನ್ನೊಂದೂವರೆಗೆ ಪಕ್ಕದ ಗೂಡು ಒಣಗಿಸುವ ಕೋಣೆಗೆ ಹೋಗುತ್ತಿದ್ದ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಇದ್ದಿಲಿನ ಒಲೆಗಳು ಉರಿಯುತ್ತಿದ್ದವು. ಶುಕ್ರವಾರ ಅವನು ಒಳಗೆ ಹೋದ ಮೇಲೆ ಯಾರೋ ಹೊರಗಿನಿಂದ ಚಿಲಕ ಹಾಕಿದ್ದರು. ಇದ್ದಿಲಿನ ಹೊಗೆ ಅವನ ಪ್ರಾಣ ತೆಗೆದಿತ್ತು.

ಮುನಿವೆಂಕಟಮ್ಮನ ಮಗಳು ದ್ಯಾವಮ್ಮನಿಗೆ ಒಲೆಗಳಿಗೆ ಇದ್ದಿಲು ಹಾಕುವ ಕೆಲಸ. ಬೀಗದ ಹೊರಗೆ ಇರುತ್ತಿದ್ದವಳು ಅವಳೊಬ್ಬಳೇ.

ನಾವು ಸ್ಟೇಷನ್ನಿಗೆ ಹೋದೆವು. ದ್ಯಾವಮ್ಮ ಕಂಬಿಯ ಹಿಂದೆ ಮೊಣಕಾಲು ತಬ್ಬಿ ಕೂತಿದ್ದಳು. ಎದೆಯ ಹಾಲು ಸೋರಿ ರವಿಕೆ ನೆನೆದಿತ್ತು. ಮಗುವನ್ನು ಒಳಗೆ ಕೊಡಲು ಹಮೀದಮ್ಮ ಕೇಳಿದರೆ ಸಬ್ ಇನ್ಸ್‌ಪೆಕ್ಟರ್ ಜವರಪ್ಪನವರು ಕಾನೂನು ಹೇಳಿದರು.

“ಮಗೀಗೆ ಹಾಲು ಕೊಡಕ್ಕೆ ಮನೆಗ್ ಹೋಗಿದ್ದೆ ನರ್ಸಮ್ಮ,” ಎಂದಳು ದ್ಯಾವಮ್ಮ. “ಯಜಮಾನ್ರಿಗೆ ಗೊತ್ತಾದ್ರೆ ಕೆಲಸ ಹೋಗ್ತಿತ್ತು, ಅದಕ್ಕೇ ಹಿತ್ಲಿನ ದಾರೀಲಿ ಹೋದೆ. ಹನ್ನೆರಡೂವರೆಗೆ ಬಂದ್ರೆ ಕ್ವಾಣೆಗೆ ಚಿಲಕ ಹಾಕಿತ್ತು. ತೆಗೆದೆ. ಬಿದ್ದಿದ್ರು.”

“ಯಾರಾದ್ರೂ ನೋಡಿದ್ರಾ?” ಎಂದರು ಹಮೀದಮ್ಮ.

“ಯಾರೂ ನೋಡಬಾರ್ದು ಅಂತಾನೇ ಹೋಗಿದ್ದು.”

ಜವರಪ್ಪನವರು ನಕ್ಕರು. “ಕೇಳಿದ್ರಲ್ಲ. ಅದೂ ಅಲ್ಲದೆ ಸಾಯೋನು ಇವಳ ಹೆಸರೇ ಕೂಗಿದಾನೆ. ಶೆಡ್ಡಲ್ಲಿದ್ದ ಹದಿನಾಲ್ಕು ಜನ ಹೆಂಗಸರೂ ಕೇಳಿದಾರೆ.”

ಮಿಷನ್ನುಗಳ ಗದ್ದಲದಲ್ಲಿ ಹೇಗೆ ಕೇಳಿಸಿತು ಎಂದು ನಾನು ಕೇಳಿದೆ. ಕಾರ್ಖಾನೆಗೆ ಹೋದಾಗ ಉತ್ತರ ಆ ಹೆಂಗಸರಿಂದಲೇ ಸಿಕ್ಕಿತು. ಸೊಣ್ಣಪ್ಪ ಬೀಗ ಹಾಕಿ ಹೋದ ಐದೇ ನಿಮಿಷಕ್ಕೆ ಕರೆಂಟು ಹೋಗಿ ಮಿಷನ್ನುಗಳೆಲ್ಲ ನಿಂತವು. ನನಗೂ ನೆನಪಾಯಿತು: ಔಷಧಾಲಯದ ಹಿಂದಿನ ಕತ್ತಲೆ ಕೋಣೆಯಲ್ಲಿ ನಾನು ಮುಲಾಮು ಅರೆಯುತ್ತಿದ್ದಾಗ ದೀಪ ಆರಿತ್ತು. ಗಡಿಯಾರ ನೋಡಿದ್ದೆ, ಹನ್ನೊಂದು ಮೂವತ್ತೈದು. ಊರಿಗೆ ಮತ್ತೆ ಕರೆಂಟು ಬಂದಾಗ ಒಂದೂವರೆ.

“ಅರ್ಧ ಗಂಟೆ ಬಾಗಿಲು ಬಡಿದ್ರಮ್ಮ,” ಎಂದಳು ಒಬ್ಬ ಮುದುಕಿ. “‘ದ್ಯಾವಮ್ಮ, ಬಾಗ್ಲು ತೆಗಿ’ ಅಂತ ಕೂಗಿದ್ರು. ನಾವೂ ಕಿರುಚಿದ್ವಿ. ನಮ್ಮ ಬಾಗ್ಲಿಗೆ ಬೀಗ. ಕೀಲಿ ಅವರ ಸೊಂಟದಾಗೆ. ಆಮೇಲೆ ಬಡಿಯೋದು ನಿಧಾನ ಆಯ್ತು.”

ಹೊರಗೆ ಬಂದು ಹಮೀದಮ್ಮ ಹೇಳಿದರು: “ಚಿಲಕ ಹಾಕಿದೋಳನ್ನೇ ತೆಗೀ ಅಂತ ಬೇಡ್ಕೊಳ್ಳೋನು ಬೈದಾದ್ರೂ ಬೈತಾನೆ, ಯಾಕೆ ಅಂತಾದ್ರೂ ಕೇಳ್ತಾನೆ. ಇವನು ಸುಮ್ನೆ ತೆಗಿ ಅಂದ. ಹೊರಗಡೆ ಇರೋಳು ಅವಳೊಬ್ಬಳೇ ಅಂತ ಗೊತ್ತಿತ್ತು, ಅದಕ್ಕೇ ಅವಳ ಹೆಸರು.”

ಹಾಗಾದರೆ ಬೇರೆ ಯಾರು? ಸೊಣ್ಣಪ್ಪನ ಹೆಂಡತಿ ಲಕ್ಷ್ಮೀದೇವಮ್ಮ ತೂಬಗೆರೆಯ ಮದುವೆಮನೆಯಲ್ಲಿದ್ದಳು. ಗೂಡಿನ ವ್ಯಾಪಾರದಲ್ಲಿ ಅವನೊಡನೆ ಜಗಳವಾಡಿದ್ದ ನಜೀಬುಲ್ಲಾ ಆ ಹೊತ್ತಿನಲ್ಲಿ ಸಂತೆಯಲ್ಲಿ ಹತ್ತು ಜನರ ನಡುವೆ ಇದ್ದರು. ಉಳಿದವನು ನನ್ನ ಗೆಳೆಯ, ಫೋಟೋ ಸ್ಟುಡಿಯೋದ ಸಂಜೀವಪ್ಪ.

ಎರಡು ವರ್ಷದ ಹಿಂದೆ ಅವನ ತಂಗಿ ಮಾರಕ್ಕನಿಗೆ ಅದೇ ಬೀಗ ಹಾಕಿದ ಶೆಡ್ಡಿನಲ್ಲಿ ಹೆರಿಗೆ ನೋವು ಬಂದಿತ್ತು. ಮಿಷನ್ನುಗಳ ಸದ್ದಿನಲ್ಲಿ ಕೂಗು ಹೊರಗೆ ಯಾರಿಗೂ ಕೇಳಿಸಲಿಲ್ಲ. ಮಧ್ಯಾಹ್ನ ಬೀಗ ತೆಗೆದು ಹಮೀದಮ್ಮನವರನ್ನು ಕರೆಸುವ ಹೊತ್ತಿಗೆ ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ.

ಜವರಪ್ಪನವರು ಅವನನ್ನೂ ವಿಚಾರಿಸಿದ್ದರು. ಶುಕ್ರವಾರ ಬೆಳಗ್ಗೆ ತೆಗೆದದ್ದೆಂದು ಅವನು ಒಂದು ಫೋಟೋ ತೋರಿಸಿದ್ದ. ನಾವು ಹೋದಾಗ ನಮಗೂ ಅದನ್ನೇ ಕೊಟ್ಟ. ಶಿವಗಂಗೆಗೆ ಹೊರಟಿದ್ದ ಯಾರೋ ಯಾತ್ರಿಕ, ಹಣೆಯ ತುಂಬ ವಿಭೂತಿ, ಕುರ್ಚಿಯಲ್ಲಿ ಕೂತಿದ್ದಾನೆ. ಹಿಂದಿನ ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಲವತ್ತು. ಹನ್ನೊಂದೂವರೆಗೆ ಕೆರೆಯಾಚೆ ಚಿಲಕ ಹಾಕಿದವನು ಹತ್ತು ನಿಮಿಷದಲ್ಲಿ ಬಸ್ ಸ್ಟ್ಯಾಂಡಿನ ಬಳಿಯ ಸ್ಟುಡಿಯೋ ಸೇರುವಂತಿಲ್ಲ. ನಡೆದರೆ ಅರ್ಧ ಗಂಟೆಯ ದಾರಿ, ಅವನ ಹತ್ತಿರ ಸೈಕಲ್ ಇರಲಿಲ್ಲ.

“ಕರೆಂಟು ಇರ್ಲಿಲ್ವಲ್ಲ ಸಂಜೀವಪ್ಪ?” ಎಂದರು ಹಮೀದಮ್ಮ.

“ಚಾವಣಿ ಬೆಳಕಲ್ಲಿ ತೆಗೆದೆ ಅಮ್ಮಾ.” ಅವನು ಮೇಲಿನ ಗಾಜಿನ ಚಾವಣಿ ತೋರಿಸಿದ. “ಬಿಸಿಲಿದ್ದಾಗ ದೀಪ ಯಾಕೆ?”

ಹಮೀದಮ್ಮ ಅವನ ಭೂತಗನ್ನಡಿ ಕೇಳಿ ಪಡೆದು ಫೋಟೋವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ಯಾತ್ರಿಕನ ಒಂದೊಂದು ಕಣ್ಣಿನಲ್ಲೂ ಎರಡೆರಡು ಬಿಳಿ ಚುಕ್ಕೆ, ಸಾಸಿವೆ ಕಾಳಿನಂತೆ ದುಂಡಗೆ. ಬೇರೇನೂ ನನಗೆ ಕಾಣಲಿಲ್ಲ.

ದಾರಿಯಲ್ಲಿ ಅವರು ಕೇಳಿದರು, “ಅವನ ದೀಪಗಳನ್ನ ಕೊಳ್ಳೋಕೆ ನೀನೂ ಬೆಂಗಳೂರಿಗೆ ಹೋಗಿದ್ಯಲ್ಲ?”

ಹೋಗಿದ್ದೆ. ಹಿಂದಿನ ತಿಂಗಳು ಅಲ್ಲಿನ ದಂಡು ಪ್ರದೇಶದಲ್ಲಿ, ಯುದ್ಧ ಮುಗಿದ ಮೇಲೆ ಮಿಲಿಟರಿ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಅರ್ಧ ದಿನ ಕಳೆದಿದ್ದೆವು. ಫೋಟೋ ತೆಗೆಯುವಾಗ ಬೆಳಕಿಗೆಂದು ಹೊತ್ತಿಸುವ ಮಿಂಚಿನ ಪುಡಿ ಅಗ್ಗ, ಆದರೆ ಕೋಣೆಯ ತುಂಬ ಹೊಗೆ, ಮಕ್ಕಳು ಬೆದರುತ್ತಾರೆ. ಬ್ಯಾಟರಿಯಿಂದ ನಡೆಯುವ ಹೊಸ ಬಗೆಯ ಮಿಂಚುದೀಪವನ್ನು ಸಂಜೀವಪ್ಪ ಮೂರು ಸಲ ಕೈಗೆತ್ತಿಕೊಂಡು ಮೂರು ಸಲ ಕೆಳಗಿಟ್ಟ. ಅದರ ಬೆಲೆ ಅವನ ಕೈಗೆಟುಕುವಂತಿರಲಿಲ್ಲ. ಕೊನೆಗೆ ತಗಡಿನ ಬೋಗುಣಿಯಲ್ಲಿ ಕೂರಿಸಿದ ಎರಡು ದೊಡ್ಡ ಬಲ್ಬು ಕೊಂಡ. ಗೋಡೆಯ ಕರೆಂಟಿಗೆ ಸಿಕ್ಕಿಸಿದರೆ ಸಾಕು, ಉರಿಯುತ್ತಿದ್ದವು.

ಇದನ್ನು ಹೇಳುತ್ತಾ ಹೋದಂತೆ ನಾನು ಯಾರ ಕೊರಳಿಗೆ ಹಗ್ಗ ಹೊಸೆಯುತ್ತಿದ್ದೇನೆಂದು ನನಗೆ ಅರ್ಥವಾಗತೊಡಗಿತ್ತು. ಸುಮ್ಮನಾಗಲು ಕಂಬಿಯ ಹಿಂದೆ ಕೂತವಳ ಮುಖ ಬಿಡುತ್ತಿರಲಿಲ್ಲ. ಹಮೀದಮ್ಮನವರೂ ಆ ದಿನ ಊಟ ಮಾಡಲಿಲ್ಲ. “ಮಾರಕ್ಕನ ಕಣ್ಣು ಮುಚ್ಚಿದ್ದು ಈ ಕೈ ಆವಲಪ್ಪ,” ಎಂದಷ್ಟೇ ಹೇಳಿದರು.

ಭಾನುವಾರ ಹನ್ನೊಂದೂವರೆಗೆ ಅವರ ಮಾತಿನ ಮೇಲೆ ಎಲ್ಲರೂ ಸ್ಟುಡಿಯೋದಲ್ಲಿ ಸೇರಿದರು: ಜವರಪ್ಪನವರು, ಪೇದೆಯ ಜೊತೆ ದ್ಯಾವಮ್ಮ, ಲಕ್ಷ್ಮೀದೇವಮ್ಮ, ನಜೀಬುಲ್ಲಾ. ಸಂಜೀವಪ್ಪ ಕ್ಯಾಮೆರಾಕ್ಕೆ ಒರಗಿ ನಿಂತಿದ್ದ. ಬಾಗಿಲಲ್ಲಿ ಪೇದೆ.

ಹಮೀದಮ್ಮ ನನ್ನನ್ನು ಯಾತ್ರಿಕ ಕೂತಿದ್ದ ಕುರ್ಚಿಯಲ್ಲೇ ಕೂರಿಸಿದರು.

“ಸಾಹೇಬ್ರೇ, ಈಗ ಚಾವಣಿ ಬೆಳಕೊಂದೇ ಇದೆ. ಆವಲಪ್ಪನ ಕಣ್ಣಲ್ಲಿ ಏನು ಕಾಣುತ್ತೆ ನೋಡಿ.”

ಜವರಪ್ಪನವರು ಭೂತಗನ್ನಡಿ ಹಿಡಿದು ಬಾಗಿದರು. “ಬಿಳೀ ಚೌಕ. ಅಡ್ಡಪಟ್ಟಿಗಳೂ ಕಾಣ್ತವೆ.”

“ಅದು ಚಾವಣಿ. ಕಣ್ಣಿನ ಗೊಂಬೆ ಕನ್ನಡಿ ಇದ್ದಂಗೆ, ಎದುರಿಗಿರೋ ಬೆಳಕು ಅದರಲ್ಲಿ ಕೂರುತ್ತೆ. ಸಂಜೀವಪ್ಪ, ನಿನ್ನ ದೀಪ ಹಾಕು.”

ಅವನು ಕದಲಲಿಲ್ಲ. ಅವರೇ ಹೋಗಿ ಗುಂಡಿ ಒತ್ತಿದರು. ನನ್ನ ಕಣ್ಣು ಕುಕ್ಕಿತು.

“ಈಗ ಚೌಕದ ಜೊತೆಗೆ ಎರಡು ದುಂಡನೆ ಚುಕ್ಕೆ,” ಎಂದರು ಜವರಪ್ಪನವರು.

“ಈಗ ಫೋಟೋ ನೋಡಿ. ಎರಡೆರಡು ಚುಕ್ಕೆ ಇವೆ, ಅಂದ್ರೆ ದೀಪ ಉರೀತಿತ್ತು. ಆದ್ರೆ ಹನ್ನೊಂದು ಮೂವತ್ತೈದರಿಂದ ಒಂದೂವರೆ ತನಕ ಊರಲ್ಲಿ ಕರೆಂಟಿರ್ಲಿಲ್ಲ. ಬ್ಯಾಟರಿ ದೀಪ ಇವನ ಹತ್ರ ಇಲ್ಲ, ಕೊಂಡಿದ್ದು ಇವೆರಡನ್ನೇ. ಇನ್ನೊಂದು, ಆ ಕಣ್ಣಲ್ಲಿ ಚೌಕವೇ ಇಲ್ಲ. ಮೇಲೆ ಬೆಳಕೇ ಇರ್ಲಿಲ್ಲ. ಹೊತ್ತು ಮುಳುಗಿದ ಮೇಲೆ ತೆಗೆದ ಫೋಟೋ ಅದು. ಗಡಿಯಾರದ ಮುಳ್ಳು ತಿರುಗಿಸೋದು ಎಷ್ಟೊತ್ತಿನ ಕೆಲಸ? ಕರೆಂಟು ಹೋಗುತ್ತೆ ಅಂತ ಇವನಿಗೆ ಮೊದಲೇ ಗೊತ್ತಿರ್ಲಿಲ್ಲ. ಅದಕ್ಕೇ ಆಮೇಲೆ ಚಾವಣಿ ಮಾತು ಹೇಳ್ಬೇಕಾಯ್ತು.”

ಸಂಜೀವಪ್ಪ ನನ್ನತ್ತ ನೋಡಿದ. ನಾನು ಕುರ್ಚಿಯಿಂದ ಏಳಲಾರದೆ ದೀಪಗಳ ನಡುವೆ ಕೂತೇ ಇದ್ದೆ.

“ಗುರುವಾರ ಸಂಜೆ ತೆಗೆದೆ,” ಎಂದ ಅವನು. “ಆ ಯಾತ್ರಿಕನಿಗೆ ಏನೂ ಗೊತ್ತಿಲ್ಲ. ದ್ಯಾವಮ್ಮ ಹಿತ್ಲಿನ ದಾರಿ ಹಿಡಿದ ಮೇಲೆ ಚಿಲಕ ಹಾಕಿ ಓಣೀಲಿ ನಿಂತಿದ್ದೆ. ಮಿಷನ್ ಸದ್ದಲ್ಲಿ ಏನೂ ಕೇಳ್ಸಲ್ಲ ಅಂದ್ಕೊಂಡಿದ್ದೆ, ಮಾರಕ್ಕನಿಗೂ ಹಂಗೇ ಆಗಿತ್ತಲ್ಲ. ಕರೆಂಟು ಹೋಯ್ತು. ಎಲ್ಲಾ ಕೇಳಿಸ್ತು. ಆ ಹೆಂಗಸ್ರು ಕೂಗೋದೂ ಕೇಳಿಸ್ತು. ಆಗ್ಲೂ ತೆಗೀಬೋದಿತ್ತು.”

“ಯಾಕೆ ತೆಗೀಲಿಲ್ಲ?” ಎಂದರು ಹಮೀದಮ್ಮ.

“ಕೈ ಬರ್ಲಿಲ್ಲ ಅಮ್ಮಾ.”

“ಈ ಹುಡುಗಿ ಕಂಬಿ ಹಿಂದೆ ಕೂತಿದ್ದಾಗ್ಲೂ ಬಾಯಿ ಬರ್ಲಿಲ್ವಾ?”

ಅವನು ದ್ಯಾವಮ್ಮನ ಕಡೆ ತಿರುಗಿದ, ಆದರೆ ಮುಖ ನೋಡಲಾಗಲಿಲ್ಲ. “ಬಿಟ್ಬಿಡ್ತಾರೆ ಅಂದ್ಕೊಂಡೆ,” ಎಂದ. ಪೇದೆ ಬಂದು ತೋಳು ಹಿಡಿದಾಗ ಬಿಡಿಸಿಕೊಳ್ಳಲಿಲ್ಲ.

ಲಕ್ಷ್ಮೀದೇವಮ್ಮ ಅಲ್ಲಿಯವರೆಗೂ ತಲೆ ತಗ್ಗಿಸಿಕೊಂಡೇ ಇದ್ದಳು. ಅವಳು ಗಂಡನ ಬಗ್ಗೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಹಮೀದಮ್ಮನವರಿಗೆ ಕೈ ಮುಗಿದು ಹೊರಟುಹೋದಳು.

ದ್ಯಾವಮ್ಮನನ್ನು ನಾವು ಔಷಧಾಲಯಕ್ಕೆ ಕರೆತಂದೆವು. ಮುನಿವೆಂಕಟಮ್ಮ ಮಗುವನ್ನು ಅವಳ ಮಡಿಲಿಗೆ ಹಾಕಿದಳು. ಮೊದಲು ಅದಕ್ಕೆ ಬಾಯಿ ಹಿಡಿಯಲಾಗಲಿಲ್ಲ. ಹಮೀದಮ್ಮ ನಾಲ್ಕು ಹನಿ ಹಿಂಡಿ ತುಟಿಗೆ ಸವರಿದ ಮೇಲೆ ಚೀಪತೊಡಗಿತು. ಬೀದಿಯಲ್ಲಿ ಆಗಲೇ ಜನ ಸೇರಿ ಇಣುಕುತ್ತಿದ್ದರು. ಅವಳಿಗೆ ಮರೆಯಾಗಲೆಂದು ನಾನು ಬಾಗಿಲು ಮುಚ್ಚಲು ಎದ್ದೆ.

“ಮುಚ್ಬೇಡಿ ಅಣ್ಣಾ,” ಎಂದಳು ದ್ಯಾವಮ್ಮ.

ನಾನು ಕೈ ಹಿಂದಕ್ಕೆ ತೆಗೆದೆ. ಹಮೀದಮ್ಮ ಒಂದು ಸ್ಟೂಲು ಎಳೆದುಕೊಂಡು ಹೋಗಿ, ತೆರೆದ ಬಾಗಿಲಿನಲ್ಲಿ ಬೀದಿಗೆ ಮುಖ ಮಾಡಿ ಸೆರಗು ಹರಡಿಕೊಂಡು ಕೂತರು. ಮಗುವಿನ ಹೊಟ್ಟೆ ತುಂಬುವವರೆಗೂ ಏಳಲಿಲ್ಲ.